ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಎಂಟನೇ ತರಗತಿಯಲ್ಲಿ ಡೌನ್ ಸಿಂಡ್ರೋಮ್ ಇರುವ ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದಾನೆ. ಸಂಜೆಯ ಥ್ರೋಬಾಲ್ ಮತ್ತು ಖೊ-ಖೊ ಅಭ್ಯಾಸಕ್ಕೆ ಒಂದು ದಿನವೂ ತಪ್ಪದೆ ಬರುತ್ತಾನೆ. ಆಚೆ ಹೋದ ಚೆಂಡನ್ನು ತಂದುಕೊಡುತ್ತಾನೆ, ಎಲ್ಲರಿಗೂ ನೀರು ಕೊಡುತ್ತಾನೆ. ಕಳೆದ ತಿಂಗಳು ದಾನಿಗಳೊಬ್ಬರು ತಂಡಕ್ಕೆ ಹನ್ನೆರಡು ಜೆರ್ಸಿ ಕೊಡಿಸಿದರು. ಆ ಸಂಜೆ ಅವನ ತಾಯಿ ನನ್ನ ಬಳಿ ಬಂದು, ‘ನನ್ನ ಮಗ ನೀರು ಕೊಡುವುದಕ್ಕೆ ಮಾತ್ರವೇ ಸರ್?’ ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಅವನನ್ನು ಆಡಿಸಬೇಕೆಂಬ ಮನಸ್ಸು ನನಗಿದೆ. ಪೆಟ್ಟಾದರೆ ಯಾರು ಹೊಣೆ ಎಂದು ಮುಖ್ಯ ಶಿಕ್ಷಕರು ಕೇಳುತ್ತಾರೆ. ಹೋಬಳಿ ಮಟ್ಟದಲ್ಲಿ ಸೋತರೆ ಏನು ಗತಿ ಎಂದು ತಂಡದ ಮಕ್ಕಳು ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ, ಮೇಡಂ?

ಉತ್ತರ:

ಆ ತಾಯಿಯ ಮಾತನ್ನು ನೀವು ಮರೆಮಾಚದೆ ಬರೆದಿದ್ದೀರಿ, ಸರ್. ಅದೊಂದೇ ಸಾಕು, ನಿಮ್ಮ ಮೈದಾನದಲ್ಲಿ ಈ ಕೆಲಸ ಆಗುತ್ತದೆ ಎಂದು ನನಗೆ ನಂಬಿಕೆ ಬಂದಿದೆ.

ನಾವೆಲ್ಲ ಚಿಕ್ಕವರಿದ್ದಾಗ ಬೀದಿಯಲ್ಲಿ ಆಡುತ್ತಾ, ಕಂಕುಳಲ್ಲಿದ್ದ ತಮ್ಮನನ್ನೋ ತಂಗಿಯನ್ನೋ ಕೆಳಗಿಳಿಸಿ ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸಾರುತ್ತಿದ್ದೆವಲ್ಲ? ಅವನನ್ನು ಮುಟ್ಟಿದರೂ ಔಟ್ ಅಲ್ಲ, ಅವನು ಮುಟ್ಟಿದರೂ ಔಟ್ ಅಲ್ಲ. ಮೂರು ವರ್ಷದ ಮಗುವಿಗೆ ಅಷ್ಟು ಸಾಕು, ಅದು ಕೇಕೆ ಹಾಕಿಕೊಂಡು ಓಡಾಡುತ್ತದೆ. ಹದಿನಾಲ್ಕು ವರ್ಷದ ಹುಡುಗನಿಗೆ ಅದು ಅವಮಾನ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಮೈದಾನಕ್ಕೆ ಕರೆಯುವಾಗ ಒಳ್ಳೆಯ ಮನಸ್ಸಿನವರೇ ಬಹಳ ಸಲ ಮಾಡುವುದು ಇದನ್ನೇ. ನಾನು ಹೇಳಬೇಕಾದದ್ದೆಲ್ಲ ಇದೊಂದೇ ವಿಷಯದ ಸುತ್ತ ಇದೆ: ನಿಮ್ಮ ಹುಡುಗ ಲೆಕ್ಕಕ್ಕೂ ಇರಬೇಕು. ಅವನು ಚೆಂಡು ಕೈಬಿಟ್ಟರೆ ತಂಡಕ್ಕೆ ನಷ್ಟವಾಗಬೇಕು, ಹಿಡಿದರೆ ಲಾಭವಾಗಬೇಕು.

ಇದನ್ನು ನನಗೆ ಕಲಿಸಿದವಳು ಒಬ್ಬ ಹುಡುಗಿ. ಮೈಸೂರಿನಲ್ಲಿ ಫಿಸಿಯೊಥೆರಪಿಸ್ಟ್ ಆಗಿ ಕೆಲಸ ಆರಂಭಿಸಿ, ಸಂಜೆ ಹೊತ್ತು ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಥ್ರೋಬಾಲ್ ಹೇಳಿಕೊಡುತ್ತಿದ್ದ ಮೊದಲ ವರ್ಷಗಳವು. ಸಾಮಾನ್ಯ ಶಾಲೆಯೊಂದರ ತಂಡದ ಜೊತೆ ಸ್ನೇಹಪರ ಪಂದ್ಯ ಏರ್ಪಟ್ಟಿತು. ಡೌನ್ ಸಿಂಡ್ರೋಮ್ ಇದ್ದ ಆ ಹದಿನೈದರ ಹುಡುಗಿಯನ್ನು ನಾನು ಇಡೀ ಪಂದ್ಯ ಹೊರಗೆ ಕೂರಿಸಿ, ಸೋಲು ಖಚಿತವಾದ ಮೇಲೆ ಕೊನೆಯ ಎರಡು ನಿಮಿಷ ಒಳಗೆ ಕಳುಹಿಸಿದೆ. ಎದುರು ತಂಡದವರು ಅವಳ ಕೈಗೆ ಮೆಲ್ಲಗೆ ಚೆಂಡು ಹಾಕಿದರು. ಅವಳು ತಿರುಗಿ ಎಸೆದಾಗ ಯಾರೂ ಕೈಯೆತ್ತಲಿಲ್ಲ, ಚೆಂಡು ನೆಲಕ್ಕೆ ಬೀಳಲು ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ಫೋಟೊ ತೆಗೆದರು, ನನ್ನ ಕಣ್ಣು ತುಂಬಿ ಬಂದಿತ್ತು. ಅವಳು ನೇರ ನನ್ನ ಬಳಿ ಬಂದು ಕೇಳಿದಳು: ‘ಅವರು ಯಾಕೆ ಹಿಡಿಯಲಿಲ್ಲ?’

ಮರುದಿನ ಅವಳು ಅಭ್ಯಾಸಕ್ಕೆ ಬರಲಿಲ್ಲ. ಮನೆಗೆ ಹೋಗಿ ಕರೆದೆ. ಬಾಗಿಲ ಹಿಂದೆ ನಿಂತು ಬರುವುದಿಲ್ಲ ಎಂದು ತಲೆಯಾಡಿಸಿದಳು. ಆಮೇಲೂ ಬರಲಿಲ್ಲ. ಓದಲು ಬರೆಯಲು ಅವಳಿಗೆ ಕಷ್ಟವಿತ್ತು, ಮಾತು ಸ್ಪಷ್ಟವಿರಲಿಲ್ಲ. ಆದರೆ ತನ್ನ ಜೊತೆ ಆಡಿದರೋ, ತನ್ನನ್ನು ಆಡಿಸಿದರೋ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ಸರ್, ಕೊನೆಯ ಎರಡು ನಿಮಿಷ ಅವನನ್ನು ಇಳಿಸುವ ಯೋಚನೆ ನಿಮಗೆ ಬಂದಿದ್ದರೆ ದಯವಿಟ್ಟು ಕೈಬಿಡಿ.

ಈಗ ಮುಖ್ಯ ಶಿಕ್ಷಕರ ಭಯಕ್ಕೆ ಬರೋಣ. ಅದು ಸುಳ್ಳು ಭಯವೇನಲ್ಲ. ಈ ಮಕ್ಕಳ ಮೈಯ ಬಗ್ಗೆ ಆಟದ ಮೇಷ್ಟ್ರಿಗೆ ಗೊತ್ತಿರಲೇಬೇಕಾದ ಕೆಲವು ವಿಷಯಗಳಿವೆ.

ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿ ಇರುತ್ತವೆ. 21ನೆಯದು ಎರಡರ ಬದಲು ಮೂರು ಇದ್ದರೆ ಅದೇ ಡೌನ್ ಸಿಂಡ್ರೋಮ್. ಮಾರ್ಚ್ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆರಿಸಿದ್ದು ಇದೇ ಲೆಕ್ಕದಿಂದ, ಮೂರನೇ ತಿಂಗಳು, ಇಪ್ಪತ್ತೊಂದನೇ ತಾರೀಖು. ಇದು ಹುಟ್ಟಿನಿಂದ ಬರುವ ಸ್ಥಿತಿ. ಅಂಟುವ ಕಾಯಿಲೆಯೂ ಅಲ್ಲ, ಗುಣವಾಗಬೇಕಾದ ಕಾಯಿಲೆಯೂ ಅಲ್ಲ. ಆಟದ ಮಟ್ಟಿಗೆ ಇದರ ಪರಿಣಾಮ ಎರಡು: ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಸಡಿಲ. ಹುಡುಗ ಚಕ್ಕಳಮಕ್ಕಳ ಕುಳಿತು ಹಣೆಯನ್ನು ನೆಲಕ್ಕೆ ಮುಟ್ಟಿಸಿದರೆ ‘ಎಂಥ ಯೋಗಪಟು’ ಎಂದು ಹೊಗಳುತ್ತೇವೆ. ಆ ಬಳುಕುವಿಕೆಯೇ ಓಡುವಾಗ ಅವನ ಪಾದವನ್ನು ಚಪ್ಪಟೆ ಮಾಡಿ, ಮೊಣಕಾಲನ್ನು ಒಳಕ್ಕೆ ವಾಲಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕತ್ತು. ತಲೆಬುರುಡೆಯ ಕೆಳಗಿನ ಮೊದಲ ಎರಡು ಬೆನ್ನೆಲುಬಿನ ಮೂಳೆಗಳ ನಡುವೆ ಈ ಮಕ್ಕಳಲ್ಲಿ ಸಡಿಲ ಇರಬಹುದು. ಎಕ್ಸ್-ರೇಯಲ್ಲಿ ನೋಡಿದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಲ್ಲಿ ಆ ಸಡಿಲ ಕಾಣುತ್ತದೆ. ಅದರಿಂದ ನಿಜವಾಗಿ ತೊಂದರೆ ಅನುಭವಿಸುವವರು ನೂರಕ್ಕೆ ಒಬ್ಬರೋ ಇಬ್ಬರೋ. ಸಂಖ್ಯೆ ಚಿಕ್ಕದು. ಆದರೆ ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತಿದರೆ ಕೈಕಾಲಿನ ಶಕ್ತಿಯೇ ಹೋಗಬಹುದು, ಆದ್ದರಿಂದ ಎಚ್ಚರ ಬೇಕು. ತೊಂದರೆಯ ಲಕ್ಷಣವಿಲ್ಲದ ಎಲ್ಲ ಮಕ್ಕಳಿಗೂ ಎಕ್ಸ್-ರೇ ಬೇಕೆಂದು ವೈದ್ಯರು ಈಗ ಹೇಳುವುದಿಲ್ಲ, ಏಕೆಂದರೆ ಮುಂದೆ ಯಾರಿಗೆ ತೊಂದರೆ ಬರುತ್ತದೆ ಎಂಬುದನ್ನು ಆ ಚಿತ್ರ ಸರಿಯಾಗಿ ತಿಳಿಸುವುದಿಲ್ಲ. ವರ್ಷಕ್ಕೊಮ್ಮೆ ನರಗಳ ತಪಾಸಣೆಯಾಗಬೇಕು, ನೀವೂ ತಾಯಿಯೂ ಕಣ್ಣಿಟ್ಟಿರಬೇಕು. ಕತ್ತು ನೋವು ಎನ್ನುವುದು, ತಲೆ ಒಂದು ಪಕ್ಕಕ್ಕೆ ವಾಲುವುದು, ನೆಟ್ಟಗೆ ನಡೆಯುತ್ತಿದ್ದವನು ತಡವರಿಸುವುದು, ಹಿಡಿಯುತ್ತಿದ್ದ ಲೋಟ ಕೈಜಾರುವುದು, ಬಟ್ಟೆಯಲ್ಲಿ ಮೂತ್ರ ಮಾಡಿಕೊಳ್ಳದವನು ಮತ್ತೆ ಮಾಡಿಕೊಳ್ಳತೊಡಗುವುದು. ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಆಟ ನಿಲ್ಲಿಸಿ ವೈದ್ಯರ ಬಳಿ ಕಳುಹಿಸಬೇಕು.

ಲಕ್ಷಣ ಇಲ್ಲದಿದ್ದರೂ ಪಲ್ಟಿ ಹೊಡೆಸಬೇಡಿ, ತಲೆಯ ಮೇಲೆ ನಿಲ್ಲಿಸಬೇಡಿ, ಫುಟ್‌ಬಾಲ್ ಆಡಿಸಿದರೆ ತಲೆಯಿಂದ ಚೆಂಡು ಹೊಡೆಸಬೇಡಿ. ಕಬಡ್ಡಿ ಬೇಡವೇ ಬೇಡ. ನಾಲ್ಕು ಜನ ಮೇಲೆ ಬಿದ್ದು ಕತ್ತು ಹಿಸುಕಿದಂತಾಗುವ ಆಟವದು. ಇನ್ನೊಂದು ಮಾತು, ಮೈದಾನಕ್ಕೆ ಸಂಬಂಧವಿಲ್ಲದಿದ್ದರೂ ನಿಮ್ಮ ಊರಿಗೆ ಸಂಬಂಧಿಸಿದ್ದು: ಬೇಸಿಗೆಯಲ್ಲಿ ಹುಡುಗರು ವಿಶ್ವೇಶ್ವರಯ್ಯ ನಾಲೆಗೆ ಏರಿಯ ಮೇಲಿಂದ ತಲೆಕೆಳಗಾಗಿ ಧುಮುಕುತ್ತಾರೆ. ತಂಡದ ಗೆಳೆತನ ಬೆಳೆದಂತೆ ಅವನೂ ಅವರ ಹಿಂದೆ ಹೋಗುತ್ತಾನೆ. ನಾಲೆಯ ಅಪಾಯ ಎಲ್ಲ ಮಕ್ಕಳಿಗೂ ಇದೆ, ಅವನಿಗೆ ಇಮ್ಮಡಿ. ಇದನ್ನು ತಂಡದ ಮಕ್ಕಳಿಗೆ ಮೊದಲೇ ಹೇಳಿಡಿ.

ಎರಡನೆಯದು ಹೃದಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಹೃದಯದ ದೋಷದೊಂದಿಗೆ ಹುಟ್ಟುತ್ತಾರೆ. ಕೆಲವರಿಗೆ ಕೂಸಿದ್ದಾಗಲೇ ಶಸ್ತ್ರಚಿಕಿತ್ಸೆ ಆಗಿರುತ್ತದೆ. ತಾಯಿಯನ್ನು ಕೇಳಿ, ಹಳೆಯ ಆಸ್ಪತ್ರೆಯ ಚೀಟಿಗಳನ್ನು ತರಿಸಿ. ತಪಾಸಣೆಯೇ ಆಗಿಲ್ಲವೆಂದಾದರೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತಿಳಿಸಿ. ಡೌನ್ ಸಿಂಡ್ರೋಮ್ ಅವರ ಪಟ್ಟಿಯಲ್ಲೇ ಇರುವ ಸ್ಥಿತಿ. ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಜಯದೇವ ಆಸ್ಪತ್ರೆಗೋ ಅಲ್ಲಿಂದ ದಾರಿಯಾಗುತ್ತದೆ. ‘ಆಡಬಹುದು’ ಎಂದು ಹೃದ್ರೋಗ ತಜ್ಞರು ಬರೆದುಕೊಟ್ಟ ಒಂದು ಸಾಲು ನಿಮ್ಮ ಮುಖ್ಯ ಶಿಕ್ಷಕರಿಗೆ ಸಾವಿರ ಮಾತಿಗಿಂತ ಧೈರ್ಯ ಕೊಡುತ್ತದೆ. ಅದೇ ಓಡಾಟದಲ್ಲಿ ಥೈರಾಯ್ಡ್ ಮತ್ತು ಕಣ್ಣಿನ ಪರೀಕ್ಷೆಯೂ ಆಗಲಿ. ಕಿವಿಯ ಪರೀಕ್ಷೆಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇಂಥ ಸಂಸ್ಥೆ ಒಂದು ಗಂಟೆಯ ದಾರಿಯಲ್ಲಿರುವುದು ನಮ್ಮ ಎರಡು ಜಿಲ್ಲೆಗಳ ಪುಣ್ಯ. ಈ ಮಕ್ಕಳ ಕಿವಿಯ ನಾಳ ಕಿರಿದಾಗಿದ್ದು, ಒಳಗೆ ನೀರು ತುಂಬಿ ಕೇಳಿಸುವುದು ಮಂದವಾಗುವುದು ತೀರಾ ಸಾಮಾನ್ಯ. ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬೈಸಿಕೊಂಡ ಎಷ್ಟೋ ಮಕ್ಕಳಿಗೆ ನಿಜವಾಗಿಯೂ ಕೇಳಿಸಿಯೇ ಇರಲಿಲ್ಲ.

ಇನ್ನು ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳುವ ವಿಷಯ. ಈ ಮಕ್ಕಳು ಎರಡು ಸುತ್ತು ಓಡಿ ದೊಪ್ಪನೆ ಕುಳಿತುಬಿಡುತ್ತಾರೆ. ಆಗ ಮೈದಾನದಲ್ಲಿ ಏಳುವ ಮೊದಲ ಮಾತು ‘ಮೈಗಳ್ಳ’. ಕಾರಣ ಬೇರೆಯೇ ಇದೆ. ಓಡುವಾಗ ನಮ್ಮ ಹೃದಯ ಬೇಡಿಕೆಗೆ ತಕ್ಕಂತೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಹದಿನಾಲ್ಕರ ಹುಡುಗನೊಬ್ಬ ಸರ್ವಶಕ್ತಿ ಹಾಕಿ ಓಡಿದರೆ ನಾಡಿ ನಿಮಿಷಕ್ಕೆ ಇನ್ನೂರರ ಆಸುಪಾಸಿಗೆ ಏರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಏರಿಕೆಯನ್ನು ನಡೆಸುವ ನರವ್ಯೂಹದ ಸ್ಪಂದನೆಯೇ ಮಂದ. ಹೃದಯದಲ್ಲಿ ಯಾವ ದೋಷವೂ ಇಲ್ಲದವರಲ್ಲಿಯೂ ಗರಿಷ್ಠ ಬಡಿತ ಉಳಿದವರಿಗಿಂತ ನಿಮಿಷಕ್ಕೆ ಸುಮಾರು 25ರಿಂದ 30 ಬಡಿತದಷ್ಟು ಕಡಿಮೆ ಇರುತ್ತದೆ. ಅಂದರೆ ಉಳಿದ ಮಕ್ಕಳು ಆರಾಮವಾಗಿ ಓಡುವ ವೇಗದಲ್ಲಿ ಅವನು ತನ್ನ ಮಿತಿಯ ಅಂಚಿನಲ್ಲಿರುತ್ತಾನೆ. ಕುಳಿತದ್ದು ಸೋಮಾರಿತನದಿಂದಲ್ಲ, ಇನ್ನು ಆಗದು ಎಂದು ಮೈ ಹೇಳಿದ್ದರಿಂದ.

ಹಾಗೆಂದು ಓಡಿಸಬಾರದೆಂದಲ್ಲ. ಇಪ್ಪತ್ತು ಸೆಕೆಂಡು ಓಟ, ನಲವತ್ತು ಸೆಕೆಂಡು ನಡಿಗೆ. ಹೀಗೆ ಆರು ಸಲ. ಎರಡು ವಾರದ ನಂತರ ಎಂಟು ಸಲ. ತಾಳ್ಮೆಯಿಂದ ಏರಿಸುತ್ತಾ ಹೋದರೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಅಮೆರಿಕದ ಕ್ರಿಸ್ ನಿಕಿಕ್ ಎಂಬ ಯುವಕ 2020ರ ನವೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಐರನ್‌ಮ್ಯಾನ್ ಸ್ಪರ್ಧೆಯನ್ನು ಮುಗಿಸಿದ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42 ಕಿಲೋಮೀಟರ್ ಓಟ, ಒಟ್ಟು 16 ಗಂಟೆ 46 ನಿಮಿಷ. ಡೌನ್ ಸಿಂಡ್ರೋಮ್ ಇರುವ ವ್ಯಕ್ತಿಯೊಬ್ಬ ಅದನ್ನು ಪೂರೈಸಿದ್ದು ಅದೇ ಮೊದಲು. ನಿಮ್ಮ ಹುಡುಗ ಹಾಗಾಗಲಿ ಎಂದು ಹೇಳುತ್ತಿಲ್ಲ. ಆ ಮಂದ ನಾಡಿಯೂ ತರಬೇತಿಗೆ ಓಗೊಡುತ್ತದೆ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಕುಳಿತವನನ್ನು ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಸಡಿಲ. ಸ್ವಲ್ಪ ಹೊತ್ತು ಬಿಡಿ. ಆಮೇಲೆ ತಂಡದ ಒಬ್ಬ ಹುಡುಗ ಹೋಗಿ ಪಕ್ಕದಲ್ಲಿ ಕುಳಿತು ಚೆಂಡು ಕೊಡಲಿ. ಶಿಕ್ಷಕರಿಗೆ ಏಳದವನು ಗೆಳೆಯನಿಗೆ ಏಳುತ್ತಾನೆ. ದಣಿವಿಲ್ಲದೆಯೂ ಕೆಲವೊಮ್ಮೆ ಕೂರುತ್ತಾನೆ. ಬಹುಪಾಲು ಅದಕ್ಕೆ ಕಾರಣ ನೀವು ಒಂದು ಆಟದಿಂದ ಇನ್ನೊಂದಕ್ಕೆ ಥಟ್ಟನೆ ಬದಲಾಯಿಸಿರುತ್ತೀರಿ. ‘ಇನ್ನು ಐದು ಎಸೆತ, ಆಮೇಲೆ ಓಟ’ ಎಂದು ಮೊದಲೇ ಹೇಳಿ ಬೆರಳೆಣಿಸಿ ತೋರಿಸಿದರೆ ಅರ್ಧ ಹಠ ಇಲ್ಲವಾಗುತ್ತದೆ.

ಯಾವ ಆಟ? ಖೊ-ಖೊ ನಮ್ಮ ಸೀಮೆಯ ಹೆಮ್ಮೆ. 2025ರ ಜನವರಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹೀಗಿರುವಾಗ ನಿಮಗೂ ಅವನನ್ನು ಖೊ-ಖೊಗೆ ತರುವ ಆಸೆ ಇರುವುದು ಸಹಜ. ಆದರೂ ಪಂದ್ಯದ ಆಟವಾಗಿ ಅದನ್ನು ನಾನು ಮೊದಲು ಆರಿಸುವುದಿಲ್ಲ. ಹಿಂದಿನಿಂದ ಬೆನ್ನಿಗೆ ಬೀಳುವ ತಟ್ಟು ಕತ್ತನ್ನು ಜಗ್ಗುತ್ತದೆ. ಕುಕ್ಕರುಗಾಲಿನಿಂದ ಚಂಗನೆ ಏಳುವುದು ಸಡಿಲ ಕೀಲಿಗೆ ಭಾರ. ಎಡಕ್ಕೆ ಹೊರಟವನು ಬಲಕ್ಕೆ ತಿರುಗಬಾರದು, ನಡುಗೆರೆ ದಾಟಬಾರದು ಎಂಬ ನಿಯಮಗಳನ್ನು ಓಡುತ್ತಲೇ ನೆನಪಿಡಬೇಕು. ಮೈ ಬಿಸಿ ಮಾಡುವ ಆಟವಾಗಿ ಖಂಡಿತ ಆಡಿಸಿ. ಬೆನ್ನು ತಟ್ಟುವ ಬದಲು ಭುಜ ಮುಟ್ಟಿ ಹೆಸರು ಕೂಗಿ ‘ಖೊ’ ಕೊಡಲಿ, ನೆಲದಲ್ಲಿ ಕೂರುವ ಬದಲು ಎಲ್ಲರೂ ನಿಂತಿರಲಿ.

ಥ್ರೋಬಾಲ್ ಅವನಿಗೆ ಹೇಳಿ ಮಾಡಿಸಿದ ಆಟ. ಬಲೆ ನಡುವೆ ಇರುವುದರಿಂದ ಎದುರಾಳಿ ಮೈಮೇಲೆ ಬೀಳುವುದಿಲ್ಲ. ಏಳು ಜನರಿಗೂ ತಮ್ಮ ತಮ್ಮ ಜಾಗ ಇದೆ. ಹಿಡಿ, ಎಸೆ, ಎರಡೇ ಕೆಲಸ. ಅವನ ಬೆರಳುಗಳು ಗಿಡ್ಡ, ಅಂಗೈ ಚಿಕ್ಕದು, ಆದ್ದರಿಂದ ಮೊದಲು ಬಲೂನು, ಆಮೇಲೆ ಜಾತ್ರೆಯಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ಚೆಂಡು, ಆಮೇಲೆ ಗಾಳಿ ಸ್ವಲ್ಪ ಇಳಿಸಿದ ಥ್ರೋಬಾಲ್, ಕೊನೆಗೆ ಪೂರ್ತಿ ಗಾಳಿಯದು. ಈ ನಾಲ್ಕು ಹಂತಕ್ಕೆ ಎರಡು ತಿಂಗಳು ಹಿಡಿದರೂ ಸರಿಯೇ. ಚೆಂಡು ಹಿಡಿದ ಮೇಲೆ ಮೂರು ಸೆಕೆಂಡಿನಲ್ಲಿ ಎಸೆಯಬೇಕೆಂಬ ನಿಯಮವನ್ನು ಅಭ್ಯಾಸದಲ್ಲಿ ಆರು ಸೆಕೆಂಡಿಗೆ ಹಿಗ್ಗಿಸಿ ತಿಂಗಳು ತಿಂಗಳು ಇಳಿಸುತ್ತಾ ಬನ್ನಿ. ನಿಯಮ ಸಡಿಲಿಸುವುದಾದರೆ ಎಲ್ಲರಿಗೂ ಸಡಿಲಿಸಿ. ಅವನೊಬ್ಬನಿಗೆ ಬೇರೆ ನಿಯಮ ಮಾಡಿದಿರೋ, ಮತ್ತೆ ‘ಲೆಕ್ಕಕ್ಕಿಲ್ಲ’ದ ಬಾಗಿಲು ತೆರೆಯಿತೆಂದೇ ತಿಳಿಯಿರಿ.

ಕಲಿಸುವುದು ಹೇಗೆ ಎಂದರೆ, ಕಡಿಮೆ ಮಾತಾಡಿ. ಈ ಮಕ್ಕಳಿಗೆ ಕಿವಿಯಿಂದ ಬಂದದ್ದು ಬೇಗ ಜಾರುತ್ತದೆ, ಕಣ್ಣಿನಿಂದ ಬಂದದ್ದು ನಿಲ್ಲುತ್ತದೆ. ‘ಹಿಂದೆ ಸರಿ, ಮೊಣಕಾಲು ಬಗ್ಗಿಸು, ಕೈ ಮುಂದೆ ಚಾಚು’ ಎಂದು ಒಂದೇ ಉಸಿರಿಗೆ ಹೇಳಿದರೆ ಮೊದಲ ಮಾತೂ ಉಳಿಯುವುದಿಲ್ಲ. ಮಾಡಿ ತೋರಿಸಿ, ಒಂದೇ ಪದ ಹೇಳಿ, ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹತ್ತು ಎಣಿಸುವುದು ಶಿಕ್ಷಕರಿಗೆ ಅತ್ಯಂತ ಕಷ್ಟದ ಅಭ್ಯಾಸ. ನನಗೂ ವರ್ಷ ಹಿಡಿಯಿತು. ನಾವು ಐದಕ್ಕೇ ಮತ್ತೆ ಹೇಳಿಬಿಡುತ್ತೇವೆ, ಅವನ ತಲೆಯಲ್ಲಿ ಆಗತಾನೆ ರೂಪುಗೊಳ್ಳುತ್ತಿದ್ದ ಉತ್ತರ ಚೆದುರಿಹೋಗುತ್ತದೆ. ಅವನು ನಿಲ್ಲುವ ಜಾಗದಲ್ಲಿ ಸುಣ್ಣದ ಪುಡಿಯಿಂದ ಒಂದು ವೃತ್ತ ಬರೆಯಿರಿ. ಒಂದು ವಾರದಲ್ಲಿ ವೃತ್ತವಿಲ್ಲದೆಯೂ ಅಲ್ಲೇ ನಿಲ್ಲುತ್ತಾನೆ. ಸೀಟಿ ಊದುವಾಗ ಕೈಯನ್ನೂ ಮೇಲೆತ್ತಿ. ಕನ್ನಡಕ ಇದ್ದರೆ ಹಿಂದಿನಿಂದ ಎಲಾಸ್ಟಿಕ್ ದಾರ ಕಟ್ಟಿಸಿ.

ಅವನ ಶಕ್ತಿ ಎಲ್ಲಿದೆ ಎಂದು ಹುಡುಕುವುದು ಇದಕ್ಕಿಂತ ಮುಖ್ಯ. ನಾನು ಕಂಡ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಒಂದು ಗುಣವಿತ್ತು: ಮಾಡಿದ್ದನ್ನೇ ಮಾಡಲು ಬೇಸರವಿಲ್ಲ. ಉಳಿದ ಹುಡುಗರು ಹತ್ತು ಸರ್ವಿಸ್ ಹಾಕಿ ಆಕಳಿಸುವಾಗ ಇವರು ಅರವತ್ತು ಹಾಕುತ್ತಾರೆ. ನನ್ನ ತಂಡದಲ್ಲಿ ಒಬ್ಬ ಹುಡುಗ ಬಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಎದುರು ಅಂಕಣದ ಎಡಮೂಲೆಗೆ, ಪ್ರತಿಸಲವೂ ಅಲ್ಲಿಗೇ ಸರ್ವಿಸ್ ಹಾಕುತ್ತಿದ್ದ. ಎದುರಾಳಿಗಳಿಗೆ ಎಲ್ಲಿಗೆ ಬರುತ್ತದೆ ಎಂದು ಗೊತ್ತಿದ್ದೂ ಹಿಡಿಯಲಾಗುತ್ತಿರಲಿಲ್ಲ, ಅಷ್ಟು ಚಪ್ಪಟೆಯಾಗಿ ಇಳಿಯುತ್ತಿತ್ತು ಚೆಂಡು. ಅವನ ಸರದಿ ಬಂದಾಗ ನಮ್ಮ ಮಕ್ಕಳೇ ‘ಈಗ ಮೂರು ಪಾಯಿಂಟ್’ ಎನ್ನುತ್ತಿದ್ದರು. ಅವನು ಜ್ವರ ಬಂದು ಮನೆಯಲ್ಲಿದ್ದ ದಿನ ‘ಇವತ್ತು ಸರ್ವಿಸ್ ಯಾರು ಹಾಕುತ್ತಾರೆ?’ ಎಂದು ತಂಡ ಕಳವಳಗೊಂಡಿತು. ಆ ಕಳವಳ ಕೇಳಿ ನನಗಾದ ಸಂತೋಷ ಯಾವ ಪದಕ ಬಂದಾಗಲೂ ಆಗಿಲ್ಲ.

ಉಳಿದ ಮಕ್ಕಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ ಎಂದೇ ಭಾವಿಸುತ್ತೇನೆ. ಅವನಿಗೆ ‘ಏನಾಗಿದೆ’ ಎಂದು ಉಪನ್ಯಾಸ ಬೇಡ. ಅವನ ಜೊತೆ ಹೇಗೆ ಆಡಬೇಕು ಎಂದು ಹೇಳಿ: ಎಸೆಯುವ ಮೊದಲು ಹೆಸರು ಕೂಗಿ, ಎದೆಗೂ ಸೊಂಟಕ್ಕೂ ನಡುವೆ ಎಸೆಯಿರಿ, ಅವನ ಜಾಗಕ್ಕೆ ಬಂದ ಚೆಂಡನ್ನು ಕಿತ್ತುಕೊಳ್ಳಬೇಡಿ. ಮೂರನೆಯದನ್ನು ಪಾಲಿಸುವುದು ಅವರಿಗೆ ಬಹಳ ಕಷ್ಟ, ಗೆಲ್ಲುವ ಆತುರದಲ್ಲಿ ಮುಂದೆ ನುಗ್ಗುತ್ತಾರೆ. ನುಗ್ಗಿದವನನ್ನು ಒಂದು ಸುತ್ತು ಹೊರಗೆ ಕೂರಿಸಿ. ನೀರು ಕೊಡುವ ಕೆಲಸವನ್ನು ಸರದಿಯಂತೆ ಎಲ್ಲರಿಗೂ ಹಂಚಿ, ನಾಯಕನೂ ಸೇರಿದಂತೆ.

‘ಅವನಿದ್ದರೆ ಉಳಿದ ಮಕ್ಕಳು ಕರುಣೆ ಕಲಿಯುತ್ತಾರೆ’ ಎಂಬ ವಾದವನ್ನು ಯಾರಾದರೂ ನಿಮಗೆ ಒದಗಿಸಬಹುದು. ಅದನ್ನು ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವನು ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಬರುವುದು ಯಾರಿಗೋ ಪಾಠವಾಗುವುದಕ್ಕಲ್ಲ, ಚೆಂಡು ಆಡುವುದಕ್ಕೆ. ನಮ್ಮ ಕಡೆ ಇಂಥ ಮಕ್ಕಳನ್ನು ‘ದೇವರ ಮಗು’ ಎನ್ನುವ ರೂಢಿಯೂ ಇದೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ದೇವರ ಮಗುವನ್ನು ಗದರಿಸಲು ಯಾರಿಗೂ ಬಾಯಿ ಬರುವುದಿಲ್ಲ. ಗೆರೆ ತುಳಿದರೆ ಉಳಿದವರಿಗೆ ಹೇಳುವಂತೆ ಅವನಿಗೂ ಹೇಳಿ. ಬೇಕೆಂದೇ ಚೆಂಡು ಎತ್ತಲೋ ಎಸೆದರೆ ಉಳಿದವರಂತೆ ಅವನೂ ಹೋಗಿ ತರಲಿ.

ಹೋಬಳಿ ಪಂದ್ಯದ ಪ್ರಶ್ನೆಗೆ ನಾನು ನೇರವಾಗಿ ಹೇಳುತ್ತೇನೆ. ಹನ್ನೆರಡು ಜನರ ಪಟ್ಟಿಗೆ ಸೇರಲು ನಿಮ್ಮಲ್ಲಿ ಒಂದು ಅಳತೆಗೋಲು ಇರಬೇಕು: ಇಪ್ಪತ್ತರಲ್ಲಿ ಎಷ್ಟು ಚೆಂಡು ಹಿಡಿದ, ಎಷ್ಟು ಸರ್ವಿಸ್ ಬಲೆ ದಾಟಿಸಿದ. ಆ ಪರೀಕ್ಷೆಗೆ ಅವನನ್ನೂ ನಿಲ್ಲಿಸಿ. ಪಾಸಾದರೆ ಪಟ್ಟಿಯಲ್ಲಿರಲಿ, ಯಾರ ಒಪ್ಪಿಗೆಯೂ ಬೇಕಿಲ್ಲ. ಆಗದಿದ್ದರೆ ಈ ವರ್ಷ ಆಗಲಿಲ್ಲ ಎಂದು ಅವನಿಗೇ ಹೇಳಿ, ಅಂದು ಆಯ್ಕೆಯಾಗದ ಉಳಿದ ಹುಡುಗರಿಗೆ ಹೇಳಿದ ಹಾಗೆಯೇ. ಪರೀಕ್ಷೆಯೇ ಇಲ್ಲದೆ ಹೊರಗಿಡುವುದು ಅನ್ಯಾಯ. ಪರೀಕ್ಷೆಯಲ್ಲಿ ಹಿಂದೆ ಬೀಳುವುದು ಆಟಗಾರನ ಬದುಕಿನ ಭಾಗ, ಅದನ್ನು ಅವನು ತಾಳಿಕೊಳ್ಳುತ್ತಾನೆ. ಆದರೆ ವರ್ಷಕ್ಕೊಂದು ಹೋಬಳಿ ಪಂದ್ಯವನ್ನೇ ‘ಆಟ’ ಎಂದು ಇಟ್ಟುಕೊಂಡರೆ ನಿಮ್ಮ ಶಾಲೆಯ ಮುಕ್ಕಾಲು ಪಾಲು ಮಕ್ಕಳು ಆಟವಿಲ್ಲದೆಯೇ ಉಳಿಯುತ್ತಾರೆ. ಶನಿವಾರ ಶಾಲೆಯೊಳಗೇ ನಾಲ್ಕು ತಂಡಗಳ ಪಂದ್ಯಾವಳಿ ಮಾಡಿ. ಅಲ್ಲಿ ಅವನು ಮೊದಲ ಸೆಟ್‌ನಿಂದಲೇ ಒಳಗಿರಲಿ.

ಎದುರು ತಂಡ ಪ್ರತಿ ಚೆಂಡನ್ನೂ ಅವನ ಕಡೆಗೇ ಹಾಕತೊಡಗಿದರೆ ನಿಮ್ಮ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ತಡೆಯಬೇಡಿ. ದುರ್ಬಲ ಜಾಗಕ್ಕೆ ಹೊಡೆಯುವುದು ಆಟದ ಧರ್ಮ. ಅವನ ಹಿಂದೆ ಯಾರು ನಿಲ್ಲಬೇಕು, ಪಕ್ಕದವನು ಎಷ್ಟು ಸರಿಯಬೇಕು ಎಂದು ನಿಮ್ಮ ತಂಡಕ್ಕೆ ಕಲಿಸಿ. ಎದುರು ತಂಡದ ನಾಯಕನಿಗೆ ಪಂದ್ಯಕ್ಕೆ ಮುಂಚೆ ಒಂದೇ ಮಾತು ಹೇಳಿ: ಎಲ್ಲರಿಗೆ ಹಾಕಿದ ಹಾಗೆ ಇವನಿಗೂ ಹಾಕಿ, ಇವನು ಹಾಕಿದ್ದನ್ನು ಹಿಡಿಯಿರಿ.

ಇದರ ಜೊತೆಗೇ ಇನ್ನೊಂದು ದಾರಿಯಿದೆ. 1968ರಲ್ಲಿ ಯೂನಿಸ್ ಕೆನಡಿ ಶ್ರೈವರ್ ಶಿಕಾಗೋದಲ್ಲಿ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ಅಂಗವೈಕಲ್ಯ ಇರುವವರದು. ಪ್ಯಾರಾಲಿಂಪಿಕ್ಸ್ ಬೇರೆ, ಇದು ಬೇರೆ. ಎಂಟು ವರ್ಷ ತುಂಬಿದವರು ಸ್ಪರ್ಧಿಸಬಹುದು. ನಮ್ಮಲ್ಲಿ ಇದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 2023ರ ಬರ್ಲಿನ್ ವಿಶ್ವ ಕ್ರೀಡಾಕೂಟದಿಂದ ಭಾರತದ ತಂಡ 202 ಪದಕ ತಂದಿತು, ಅದರಲ್ಲಿ 76 ಚಿನ್ನ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವರ ‘ಯೂನಿಫೈಡ್’ ಪದ್ಧತಿ. ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುತ್ತಾರೆ: ಆರು ಜನರ ವಾಲಿಬಾಲ್‌ನಲ್ಲಿ ಮೂವರು ಮೂವರು, ಐದು ಜನರ ಫುಟ್‌ಬಾಲ್‌ನಲ್ಲಿ ಮೂವರು ಮತ್ತು ಇಬ್ಬರು. ಅಂಗವೈಕಲ್ಯ ಇಲ್ಲದ ಜೊತೆ ಆಟಗಾರ ಇಡೀ ಆಟವನ್ನು ತಾನೇ ನುಂಗುವಂತಿಲ್ಲ. ನಿಮ್ಮಲ್ಲಿ ಒಬ್ಬನೇ ಹುಡುಗ ಇರುವುದರಿಂದ, ತಾಲ್ಲೂಕಿನ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ವಿಚಾರಿಸಿ. ಸುತ್ತಲಿನ ಶಾಲೆಗಳಲ್ಲಿ ಇಂಥ ಮಕ್ಕಳು ಯಾರಿದ್ದಾರೆ ಎಂಬುದು ಅವರಿಗೆ ತಿಳಿದಿರುತ್ತದೆ. ನಾಲ್ಕೈದು ಮಕ್ಕಳು ಸಿಕ್ಕರೆ ಒಂದು ತಂಡವಾಯಿತು.

ಮುಖ್ಯ ಶಿಕ್ಷಕರಿಗೆ ತೋರಿಸಲು ಕಾನೂನೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಶಾಲೆಯು ಪಾಠದಂತೆಯೇ ಕ್ರೀಡೆಯ ಅವಕಾಶವನ್ನೂ ಉಳಿದ ಮಕ್ಕಳಿಗೆ ಸಮನಾಗಿ ಕೊಡಬೇಕು. 30ನೇ ಸೆಕ್ಷನ್ ಕ್ರೀಡೆಗೇ ಮೀಸಲು. ಆದರೆ ಕಾಯ್ದೆಯ ಪುಸ್ತಕ ಹಿಡಿದು ಅವರ ಕೊಠಡಿಗೆ ಹೋಗಬೇಡಿ. ಹೃದಯ ಮತ್ತು ಕತ್ತಿನ ಬಗ್ಗೆ ವೈದ್ಯರ ಚೀಟಿ, ತಾಯಿಯ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇವು ಮೂರನ್ನು ಹಿಡಿದು ಹೋಗಿ. ಒಪ್ಪಿಗೆ ಪತ್ರವನ್ನು ತಂಡದ ಎಲ್ಲ ಪೋಷಕರಿಂದಲೂ ಪಡೆಯಿರಿ. ಥ್ರೋಬಾಲ್‌ನಲ್ಲಿ ಬೆರಳು ಉಳುಕಿಸಿಕೊಳ್ಳುವುದು ಉಳಿದ ಹುಡುಗರೇ ಹೆಚ್ಚು.

ತಾಯಿಯ ಬಳಿ ನೀವೇ ಹೋಗಿ ಮಾತಾಡಿ, ಅವರು ಮತ್ತೊಮ್ಮೆ ಕೇಳುವವರೆಗೂ ಕಾಯಬೇಡಿ. ಹದಿನಾಲ್ಕು ವರ್ಷದಿಂದ ಆಸ್ಪತ್ರೆ, ಅಂಗನವಾಡಿ, ಶಾಲೆ ಎಂದು ಬಾಗಿಲು ಬಾಗಿಲು ತಟ್ಟಿದವರು ಅವರು. ಹುಡುಗನಿಗೆ ಏನು ಹೇಳಿದರೆ ಏಳುತ್ತಾನೆ, ಯಾವಾಗ ದಣಿಯುತ್ತಾನೆ, ಹೊಟ್ಟೆನೋವನ್ನು ಹೇಗೆ ತೋರಿಸುತ್ತಾನೆ ಎಂಬುದು ನನಗೂ ನಿಮಗೂ ಗೊತ್ತಿಲ್ಲ, ಅವರಿಗೆ ಗೊತ್ತು. ಅವರನ್ನೇ ಮೊದಲ ಗುರು ಮಾಡಿಕೊಳ್ಳಿ.

ಇನ್ನು ಜೆರ್ಸಿ. ಹದಿಮೂರನೆಯದನ್ನು ಹೊಲಿಸಿ, ದಾನಿಗಳನ್ನು ಕೇಳಲು ಸಂಕೋಚವಾದರೆ ತಂಡದ ಮಕ್ಕಳೇ ಸೇರಿ ಹಣ ಹಾಕುತ್ತಾರೆ, ಕೇಳಿ ನೋಡಿ. ಅವನ ಅಳತೆ ತೆಗೆಸಿಯೇ ಹೊಲಿಸಬೇಕು. ಈ ಮಕ್ಕಳ ತೋಳು ಗಿಡ್ಡ, ಕತ್ತು ಮತ್ತು ಎದೆ ಅಗಲ. ಅಂಗಡಿಯ ಸಿದ್ಧ ಅಳತೆಯದು ಎದೆಗೆ ಸರಿಯಾದರೆ ತೋಳು ಮೊಣಕೈ ದಾಟಿ ಜೋತಾಡುತ್ತದೆ, ಚೆಂಡು ಹಿಡಿಯುವಾಗ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಶೂ ಕೊಳ್ಳುವಾಗ ಹಿಮ್ಮಡಿ ಗಟ್ಟಿಯಾಗಿರುವುದನ್ನು, ದಾರದ ಬದಲು ಅಂಟುಪಟ್ಟಿ ಇರುವುದನ್ನು ಆರಿಸಿ, ತಾನೇ ಹಾಕಿಕೊಳ್ಳುತ್ತಾನೆ. ಬೆನ್ನ ಮೇಲಿನ ಸಂಖ್ಯೆ ಯಾವುದಿರಬೇಕೆಂದು ಅವನನ್ನೇ ಕೇಳಿ. ಕೇಳಿದ ಮೇಲೆ ಹತ್ತರವರೆಗೆ ಎಣಿಸಿ.